ಅಮೀರಬಾಯಿ ಕರ್ನಾಟಕಿಯವರ ಗಾನವೂ ನಮ್ಮ ರಂಗಗಾಯಕಿಯರೂ

ಹಾಡನ್ನು ಮೆಚ್ಚುವವರು ಬಹುಮಂದಿ. ಹಾಡಿದವಳನ್ನು ಗೌರವಿಸುವವರು ಕೆಲವರು. ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬರೆಯ ಹೊರಟವರು ಯಾರಾದರೂ ಮೊದಲು ಎದುರಿಸಬೇಕಾದ ಕಟುಸತ್ಯವಿದು. ಕೊಟ್ಟೂರಿನ ತೇರು, ಮೈಲಾರದ ಕಾರಣಿಕ, ಕುರುವತ್ತಿಯ ಜಾತ್ರೆ ಮೊದಲಾದ ಸಂದರ್ಭಗಳಲ್ಲಿ ನಾಟಕದ ಕಂಪೆನಿಗಳು ತಗಡಿನ ಥಿಯೇಟರು ಕಟ್ಟಿಕೊಂಡು ಬಂದು ಬೀಡುಬಿಡುವುದು ಈ ಸೀಮೆಯಲ್ಲಿ ಬಹುಕಾಲದ ವಾಡಿಕೆ. ಬಂಡಿ ಹೂಡಿಕೊಂಡು ಹತ್ತು ಹರಿದಾರಿ ದೂರದಿಂದ ಬಂದು, ಬೆಳಗಿನ ಜಾವದವರೆಗೆ ನಟಿಯ ಹಾಡಿಗೆ 'ಒನ್ಸ್ ಮೋರ್' ಕೂಗಿದ ಗೃಹಸ್ಥರೇ, ಮರುದಿನ ಆಕೆಗೆ ಬಿಡಾರಕ್ಕೊಂದು ಮನೆ ಬೇಕೆಂದರೆ ಬೀಗದ ಕೈ ಸಿಕ್ಕದೆಂದು ಹೇಳುತ್ತಿದ್ದರು. ಕಿವಿಗೆ ಒಂದು ನ್ಯಾಯ, ಹೊಸ್ತಿಲಿಗೆ ಮತ್ತೊಂದು ನ್ಯಾಯ! ಈ ಎರಡು ನ್ಯಾಯಗಳಿಂದ ನಮ್ಮ ವಿಮರ್ಶೆಗೆ ಒದಗಿದ ಹಾನಿ ಎಂತಹುದೆಂಬುದನ್ನು ಒಬ್ಬ ಗಾಯಕಿಯ ಜೀವಿತವನ್ನೂ ಕಲೆಯನ್ನೂ ಮುಂದಿಟ್ಟುಕೊಂಡು ವಿಚಾರಿಸುವುದು ಯುಕ್ತವಾಗಿದೆ. ಆ ಗಾಯಕಿ ಬೀಳಗಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಹೆಸರು ಪಡೆದ ಅಮೀರಬಾಯಿ ಕರ್ನಾಟಕಿಯವರು.

ಪಾಶ್ಚಾತ್ಯ ದೇಶಗಳಲ್ಲಿ 'ಕ್ಯಾಬರೆ' ಎಂಬುದೊಂದು ಗಾನಸ್ಥಾನವುಂಟು. ನಮ್ಮಲ್ಲಿ ಆ ಶಬ್ದವನ್ನು ಕೇಳಿದ ಕೂಡಲೆ ಸಿನಿಮಾಗಳ ಅರೆಬಟ್ಟೆಯ ಕುಣಿತವನ್ನು ನೆನೆದು ಮೂಗುಮುರಿಯುವುದು ರೂಢಿಯಾಗಿದೆ. ಮೂಲದಲ್ಲಿ ಅದರ ಅರ್ಥ ಅಷ್ಟು ಸಂಕುಚಿತವಾದುದಲ್ಲ. ೧೮೮೧ರಲ್ಲಿ ರೊಡೋಲ್ಫ್ ಸಾಲಿ ಎಂಬಾತನು ಪ್ಯಾರಿಸ್ ನಗರದ ಮೊಂಮಾರ್ತ್ರ ಎಂಬ ಕೇರಿಯಲ್ಲಿ 'ಕರಿಯ ಬೆಕ್ಕು' ಎಂಬರ್ಥದ ಹೆಸರಿನ ಪಾನಗೃಹವನ್ನು ತೆರೆದನು. ಕವಿಗಳೂ ಚಿತ್ರಕಾರರೂ ಗಾಯಕರೂ ಅಲ್ಲಿ ಕಲೆತು, ಊರಿನ ದೊಡ್ಡವರನ್ನು ಹಾಸ್ಯಮಾಡುವ ಪದಗಳನ್ನು ಹಾಡುತ್ತಿದ್ದರು. ಮುಂದೆ ಪ್ರಖ್ಯಾತ ವಾಗ್ಗೇಯಕಾರನಾದ ಎರಿಕ್ ಸಾತಿ ಅಲ್ಲಿ ಪಿಯಾನೋ ನುಡಿಸಿ ಜೀವನ ಮಾಡಿದವನು. ಇವೆತ್ ಗಿಲ್ಬೆರ್ ಎಂಬ ಗಾಯಕಿ ಕರಿಯ ಉದ್ದನೆಯ ಕೈಚೀಲಗಳನ್ನು ತೊಟ್ಟು ಇಂತಹ ರಂಗಗಳಲ್ಲಿ ಹಾಡಿ ಹೆಸರಾಗಿ, ಅನಂತರ ಫ್ರೆಂಚರ ಪ್ರಾಚೀನ ಗೀತಗಳನ್ನು ಶೋಧಿಸಿ ಉಪನ್ಯಾಸಗಳನ್ನು ಕೊಟ್ಟಳು. ಹೀಗೆ ಪಾನಗೃಹದ ಗಾಯಕಿ ವಿದ್ವತ್ಸಭೆಗೆ ಸಲ್ಲುವುದಕ್ಕೆ ಆ ದೇಶದಲ್ಲಿ ದಾರಿಯಿತ್ತು.

ಆದರೆ ಅಲ್ಲಿಯೂ ಲಜ್ಜೆಯ ಮಾತು ಇಲ್ಲದಿರಲಿಲ್ಲ. ಅಮೆರಿಕದ ನೀನಾ ಸಿಮೋನ್ ಎಂಬ ಕಪ್ಪುಜನಾಂಗದ ಗಾಯಕಿಯ ನಿದರ್ಶನವನ್ನು ನೋಡಬಹುದು. ಆಕೆ ಬಾಲ್ಯದಿಂದ ಶಾಸ್ತ್ರೀಯವಾದ ಪಿಯಾನೋ ವಾದನವನ್ನು ಕಲಿತವಳು. ೧೯೫೪ರಲ್ಲಿ ಅಟ್ಲಾಂಟಿಕ್ ಸಿಟಿ ಎಂಬ ಊರಿನ ಪಾನಗೃಹವೊಂದರಲ್ಲಿ ವಾದನಕ್ಕೆ ಸೇರಿದಾಗ, ಹಾಡಿದರೆ ಮಾತ್ರ ಕೆಲಸ ಉಳಿಯುವುದೆಂದು ಒಡೆಯನು ಹೇಳಿದನು, ಆಕೆ ಹಾಡತೊಡಗಿದಳು. ತಾಯಿ ಕ್ರೈಸ್ತಧರ್ಮದ ಬೋಧಕಿ. ಮಗಳು ಇಂತಹ ಸ್ಥಳದಲ್ಲಿ ಹಾಡುವಳೆಂಬುದು ತಾಯಿಗೆ ತಿಳಿಯಬಾರದೆಂದು ಯೂನಿಸ್ ವೇಮನ್ ಎಂಬ ತನ್ನ ನಿಜನಾಮವನ್ನು ಮರೆಮಾಡಿ ಹೊಸ ಹೆಸರನ್ನು ಇಟ್ಟುಕೊಂಡಳು. ಗಾಯಕಿಯು ಹೊಟ್ಟೆಪಾಡಿಗಾಗಿ ಹೆಸರನ್ನು ಅಡಗಿಸಿದ ಕಥೆ ಇದು. ಬೀಳಗಿಯ ಸೋದರಿಯರಾದರೋ ಮುಂಬಯಿಗೆ ಹೋದಾಗ ತಮ್ಮ ನಾಡಿನ ಹೆಸರನ್ನು ಅಡಗಿಸಲಿಲ್ಲ. 'ಕರ್ನಾಟಕಿ' ಎಂದು ಅದನ್ನೇ ಕೊರಳಿಗೆ ಕಟ್ಟಿಕೊಂಡು ಹಾಡಿದರು. ಕರ್ಣಾಟಕದ ಏಕೀಕರಣವಾದುದು ೧೯೫೬ರಲ್ಲಿ. ರಾಜ್ಯಕ್ಕೆ ಕರ್ಣಾಟಕವೆಂಬ ಹೆಸರು ಬಂದುದು ೧೯೭೩ರಲ್ಲಿ. ಅದಕ್ಕೆ ಎಷ್ಟೋ ವರ್ಷಗಳ ಮೊದಲೇ ಗ್ರಾಮಫೋನು ತಟ್ಟೆಗಳ ಮೇಲೆ ಆ ಹೆಸರನ್ನು ಅಚ್ಚುಮಾಡಿಸಿ ಹಿಂದೂಸ್ಥಾನದ ಉದ್ದಗಲಕ್ಕೂ ಹಂಚಿದವರು ಈ ಹೆಂಗಸರು. ನಾಡಿನ ಸೇವೆಯೆಂದರೆ ಇದಲ್ಲವೇ?

ಪಾಶ್ಚಾತ್ಯ ಕ್ಯಾಬರೆಯ ವಿಶೇಷವೇನೆಂದರೆ, ಹಾಡುವ ಕಂಠವೂ ನುಡಿಸುವ ಕೈಯೂ ಅನೇಕ ವೇಳೆ ಒಬ್ಬರದೇ ಆಗಿರುತ್ತದೆ. ಹಾಡುವವಳು ಪಿಯಾನೋದ ಮುಂದೆ ತಾನೇ ಕುಳಿತಿರುವುದರಿಂದ ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು, ಯಾವ ಮಾತನ್ನು ಬರಿಯ ಉಸಿರಿನಲ್ಲಿ ಹೇಳಬೇಕು ಎಂಬುದೆಲ್ಲ ಅವಳ ಅಧೀನ. ನಮ್ಮ ಕಂಪೆನಿ ನಾಟಕಗಳಲ್ಲಿ ಪಿಯಾನೋದ ಸ್ಥಾನವನ್ನು ಹಾರ್ಮೋನಿಯಂ ಪೆಟ್ಟಿಗೆ ತುಂಬಿತು. ಈ ಪೆಟ್ಟಿಗೆಯೂ ಪ್ಯಾರಿಸ್ಸಿನ ಕೂಸೇ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಅಲೆಕ್ಸಾಂದ್ರ ದೆಬೇನ್ ಎಂಬಾತನು ಅದಕ್ಕೆ ಈ ಹೆಸರನ್ನಿಟ್ಟನು. ಕಾಲಿನಿಂದ ತಿದಿಯೊತ್ತಿ ನುಡಿಸುವ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕುತ್ತ ನುಡಿಸುವಂತೆ ಮಾಡಿದವರು ಕಲಕತ್ತೆಯ ದ್ವಾರಕಾನಾಥ ಘೋಷರೆಂದು ಪ್ರಸಿದ್ಧಿ. ನಾಟಕದವರು ಮಾತ್ರ ದೊಡ್ಡ ದನಿಗಾಗಿ ಕಾಲುಪೆಟ್ಟಿಗೆಯನ್ನೇ ಇಟ್ಟುಕೊಂಡರು. ಮರಾಠಿ ರಂಗಭೂಮಿಯಲ್ಲಿ ಆರ್ಗನ್ನಿನ ವೈಭವ ಇನ್ನೂ ಹೆಚ್ಚು. ಆದರೆ ನಮ್ಮಲ್ಲಿ ಕಂಠವೂ ಕೈಯೂ ಬೇರೆಬೇರೆ. ರಂಗದ ಮುಂದಣ ತಗ್ಗಿನಲ್ಲಿ ಪೆಟ್ಟಿಗೆಯ ಮಾಸ್ತರರು. ಮೇಲೆ ದೀಪದ ಬೆಳಕಿನಲ್ಲಿ ನಟಿ. ಶ್ರುತಿಯನ್ನು ಹಿಡಿಯುವವರು, ಮಟ್ಟನ್ನು ಹಾಕುವವರು, ಹಾಡನ್ನು ಕಲಿಸುವವರು ಆ ಮಾಸ್ತರರು. ಆದುದರಿಂದ ಹಾಡಿನ ಮೇಲಣ ಅಧಿಕಾರ ಗಂಡಸಿನ ಕೈಯಲ್ಲಿಯೂ, ಹಾಡಿನಿಂದ ಬಂದ ಅಪವಾದ ಹೆಂಗಸಿನ ತಲೆಯ ಮೇಲೂ ಉಳಿದವು. ಅಮೀರಬಾಯಿಯವರ ಚರಿತ್ರೆಯನ್ನು ಓದುವಾಗ ಈ ಸಂಗತಿಯನ್ನು ಮರೆಯಲಾಗದು.

ಬೀಳಗಿ ಹಿಂದೆ ವಿಜಾಪುರ ಜಿಲ್ಲೆಗೆ ಸೇರಿದ್ದು, ೧೯೯೭ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದ ಊರು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಲ್ಲಿಯ ಒಂದು ಮುಸಲ್ಮಾನ ಕುಟುಂಬದಲ್ಲಿ ಜನಿಸಿದ ಐವರು ಸೋದರಿಯರಲ್ಲಿ ಗೋಹರಬಾಯಿ, ಅಮೀರಬಾಯಿ ಇಬ್ಬರೂ ಗಾನದಿಂದ ಕೀರ್ತಿವಂತರಾದರು. ಮನೆಯ ಮಾತು ಕನ್ನಡ. ಅಮೀರಬಾಯಿಯವರು ಹದಿನೈದರ ವಯಸ್ಸಿನಲ್ಲಿ ಮುಂಬಯಿಗೆ ಹೋದರೆಂದೂ, ಗ್ರಾಮಫೋನು ಕಂಪೆನಿಯೊಂದು ಅವರಿಂದ ಹಾಡಿಸಿದ ಕವ್ವಾಲಿಯೊಂದು ಜನಪ್ರಿಯವಾಯಿತೆಂದೂ ಚರಿತ್ರಕಾರರು ಹೇಳುತ್ತಾರೆ. ಅಕ್ಕನ ನೆರವಿನಿಂದ ೧೯೩೪ರ 'ವಿಷ್ಣುಭಕ್ತಿ' ಎಂಬ ವಾಕ್ಚಿತ್ರದಲ್ಲಿ ಅವರಿಗೆ ಪ್ರವೇಶ ದೊರೆಯಿತು. ೧೯೪೦ರ 'ನರಸೀ ಭಗತ್' ಚಿತ್ರದಲ್ಲಿ ನಟಿಸಿ ಹಾಡಿದರು. ವೈಷ್ಣವಜನರ ಲಕ್ಷಣವನ್ನು ಹೇಳುವ ನರಸೀ ಮೇಹತಾನ ಪದವನ್ನು ಅವರ ಕಂಠದಲ್ಲಿ ಕೇಳಿ ಗಾಂಧೀಜಿಯವರು ಮೆಚ್ಚುತ್ತಿದ್ದರೆಂಬ ಮಾತು ಪ್ರಚಾರದಲ್ಲಿದೆ. ೧೯೪೩ರಲ್ಲಿ ಮುಂಬಯಿ ಟಾಕೀಸಿನವರ 'ಕಿಸ್ಮತ್' ಚಿತ್ರ ಬಂದಿತು. ಅದರೊಡನೆ ಅವರ ಕೀರ್ತಿ ಶಿಖರಕ್ಕೇರಿತು. ೧೯೪೪ರಲ್ಲಿ 'ರತನ್', ೧೯೪೬ರಲ್ಲಿ ಗುಜರಾತಿಯ 'ರಾಣಕದೇವಿ', ೧೯೪೭ರಲ್ಲಿ 'ಶಹನಾಯಿ', ೧೯೫೦ರಲ್ಲಿ 'ಸಮಾಧಿ' ಹೀಗೆ ಹದಿನೈದು ವರ್ಷಗಳಿಗೂ ಮಿಕ್ಕು ಅವರ ದನಿ ಬೀದಿಬೀದಿಯಲ್ಲಿ ಕೇಳಿಬರುತ್ತಿತ್ತು. 'ಕನ್ನಡ ಕೋಗಿಲೆ' ಎಂಬ ಬಿರುದು ಅವರಿಗೆ ಸಂದಿತು.

ಇನ್ನು ಗುಣದೋಷಗಳ ವಿಚಾರ. ಮೊದಲನೆಯದಾಗಿ, ಪಂಡಿತರಾದವರು ಒಡ್ಡುವ ಒಂದು ಆಕ್ಷೇಪವನ್ನು ಪರಿಹರಿಸಬೇಕು. ತೆರೆಯ ಮೇಲೆ ಒಬ್ಬಳು ಬಾಯಾಡಿಸುವುದು, ತೆರೆಯ ಹಿಂದೆ ಮತ್ತೊಬ್ಬಳು ಹಾಡುವುದು. ಇದು ಕಪಟವಲ್ಲವೇ, ಇದನ್ನು ಕಲೆಯೆನ್ನಬಹುದೇ ಎಂಬುದು ಆ ಆಕ್ಷೇಪ. ಭರತಮುನಿಯ ನಾಟ್ಯಶಾಸ್ತ್ರವನ್ನು ನೋಡಿದವರು ಹೀಗೆ ಹೇಳಲಾರರು. ಅಲ್ಲಿ ಧ್ರುವಾಗಾನಕ್ಕೆಂದೇ ಒಂದು ಅಧ್ಯಾಯವುಂಟು. ನೇಪಥ್ಯದ ಎರಡು ಬಾಗಿಲುಗಳ ನಡುವೆ ಕುತಪವೆಂಬ ವಾದ್ಯಗೋಷ್ಠಿಯೊಡನೆ ಕುಳಿತ ಗಾಯಕ ಗಾಯಕಿಯರು ಪಾತ್ರದ ಪ್ರವೇಶ, ನಿಷ್ಕ್ರಮ, ಶೋಕ, ಸಂಭ್ರಮಗಳಿಗೆ ತಕ್ಕ ಧ್ರುವೆಗಳನ್ನು ಹಾಡುತ್ತಿದ್ದರು, ನಟರು ಅಭಿನಯಿಸುತ್ತಿದ್ದರು. ಒಬ್ಬರ ಭಾವಕ್ಕೆ ಇನ್ನೊಬ್ಬರು ಕಂಠವಾಗುವುದು ನಮ್ಮ ನಾಟ್ಯಕ್ಕೆ ಹೊಸದಲ್ಲ. ವ್ಯತ್ಯಾಸವೆಂದರೆ, ಭರತನ ರಂಗದಲ್ಲಿ ಗಾಯಕಿಯು ಪ್ರೇಕ್ಷಕರ ಕಣ್ಣಿಗೆ ಬೀಳುತ್ತಿದ್ದಳು. ಮುಂಬಯಿಯ ಚಿತ್ರಗಳಲ್ಲಿ ಬಹುಕಾಲ ಅವಳ ಹೆಸರು ಕೂಡ ಕಾಣುತ್ತಿರಲಿಲ್ಲ. ದೋಷವಿರುವುದು ಪದ್ಧತಿಯಲ್ಲಲ್ಲ, ಕೃತಜ್ಞತೆಯ ಅಭಾವದಲ್ಲಿ.

'ಕಿಸ್ಮತ್' ಚಿತ್ರದ ಕಥಾನಾಯಿಕೆಯನ್ನು ಇಲ್ಲಿ ನೆನೆಯಬೇಕು. ಅವಳು ಒಂದು ಥಿಯೇಟರಿನ ಒಡೆಯನ ಮಗಳು. ತಂದೆಯ ದುರಾಶೆಯಿಂದ ಬಾಲ್ಯದಲ್ಲಿಯೇ ಕುಣಿದು ಕುಣಿದು ಕಾಲು ಕೆಟ್ಟಿತು. ತಂದೆ ಊರು ಬಿಟ್ಟನು. ಥಿಯೇಟರು ಪರರ ಪಾಲಾಯಿತು. ಸಾಲದ ಹೊರೆ ಉಳಿಯಿತು. ಈಗ ಅದೇ ರಂಗದ ಮೇಲೆ ಊರುಗೋಲಿನೊಡನೆ ನಿಂತು ಕೂಲಿಗಾಗಿ ಹಾಡುವಳು. ಚಿತ್ರದಲ್ಲಿ ಆ ಪಾತ್ರವನ್ನು ಮುಮ್ತಾಜ್ ಶಾಂತಿಯವರು ಅಭಿನಯಿಸಿದರು; ಕಂಠ ಅಮೀರಬಾಯಿಯವರದು; ಪದಗಳು ಪ್ರದೀಪರವು; ಮಟ್ಟುಗಳು ಅನಿಲ ಬಿಸ್ವಾಸರವು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಗಳಿಗೂ ಮೇಲ್ಪಟ್ಟು ನಡೆಯಿತು. ಆ ಜನಪ್ರಿಯತೆಗೆ ಚಿತ್ರದೊಳಗಿನ ದೇಶಭಕ್ತಿಯ ಹಾಡೇ ಕಾರಣವೆಂದು ಹೇಳುವವರುಂಟು. ಅದು ಅರ್ಧಸತ್ಯ. ಮೋಡವನ್ನು ಸಂಬೋಧಿಸಿ ಹಾಡುವ ಜೋಗುಳದಂತಹ ಗೀತದಲ್ಲಿಯೂ, ದೈವವನ್ನು ಕುರಿತ ಮೊರೆಯಲ್ಲಿಯೂ ಅಮೀರಬಾಯಿಯವರು ತೋರಿದ ಸಂಯಮವನ್ನು ಗಮನಿಸಬೇಕು. ದುಃಖದ ಪದವೆಂದೊಡನೆ ಕಂಠವನ್ನು ಬಿಕ್ಕಿಸುವುದು ಸಾಮಾನ್ಯ ಗಾಯಕಿಯರ ಅಭ್ಯಾಸ. ಇಲ್ಲಿ ಅಂತಹ ಬಿಕ್ಕಿಲ್ಲ. ನಾದವು ನೇರವಾಗಿ ಹೊರಟು, ಸಾಲಿನ ಕೊನೆಯಲ್ಲಿ ಮಾತ್ರ ಕೊಂಚ ಬಾಗುತ್ತದೆ. ನಿಲ್ಲಲಾರದವಳು ನಿಂತು ಹಾಡುತ್ತಿದ್ದಾಳೆಂಬುದು ಕಣ್ಣು ಮುಚ್ಚಿದವನಿಗೂ ತಿಳಿಯುತ್ತದೆ. ಕರುಣರಸಕ್ಕೆ ಕಣ್ಣೀರು ಅನುಭಾವವೇ ಹೊರತು ಪ್ರಾಣವಲ್ಲವೆಂಬ ಆಲಂಕಾರಿಕರ ಮತಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷ್ಯ ದೊರೆಯದು.

'ರತನ್' ಚಿತ್ರದಲ್ಲಿ ನೌಶಾದರು ಹಾಡಿಸಿದ ಅಗಲಿಕೆಯ ಪದದಲ್ಲಿ ಇದೇ ಗುಣ ಇನ್ನೊಂದು ಬಗೆಯಾಗಿ ಕಾಣುತ್ತದೆ. ಉತ್ತರದೇಶದ ಹಳ್ಳಿಗಾಡಿನ ಧಾಟಿಯ ಆ ಮಟ್ಟು ಸರಳವಾದುದು, ತಾನಗಳಿಗೆ ಎಡೆಯಿಲ್ಲ. ಇಂತಹ ಕಡೆ ಅಕ್ಷರಗಳೇ ಆಭರಣ. ಮಾತೃಭಾಷೆಯಲ್ಲದ ಹಿಂದೂಸ್ಥಾನಿಯ ಅಕ್ಷರಗಳನ್ನು ಅವರು ತಿಂದುಹಾಕುವುದಿಲ್ಲ; ಒಂದೊಂದನ್ನೂ ತೂಗಿ ಇಡುತ್ತಾರೆ. ಮತ್ತೊಂದು ಸೋಜಿಗವುಂಟು. 'ರಾಣಕದೇವಿ'ಯಲ್ಲಿ ಅವರು ಹಾಡಿದ, ತನ್ನ ಹಳ್ಳಿಗೆ ಒಮ್ಮೆ ಬಂದುಹೋಗೆಂದು ಕರೆಯುವ ಗುಜರಾತಿ ಪದವನ್ನು ಗುಜರಾತದ ಜನರು ತಮ್ಮ ಮಣ್ಣಿನ ಹಾಡೆಂದೇ ಭಾವಿಸಿ ಇಂದಿಗೂ ಹಾಡಿಕೊಳ್ಳುತ್ತಾರೆ. ಕೃಷ್ಣಾತೀರದ ಕಪ್ಪುಮಣ್ಣಿನ ಹೆಣ್ಣುಮಗಳೊಬ್ಬಳು ಪರಭಾಷೆಯ ಹಳ್ಳಿಗೆ ಕಂಠವಾದಳು. ಅವರ ಸ್ವಂತ ಹಳ್ಳಿಯ ಸೀಮೆಯವರು ಅವರನ್ನು ಎಷ್ಟು ನೆನೆದರು? ಈ ಪ್ರಶ್ನೆಗೆ ಉತ್ತರ ಕೊಡುವುದು ಕನ್ನಡಿಗರಿಗೆ ಸುಲಭವಲ್ಲ.

ಕ್ಯಾಬರೆಯ ಶೈಲಿಗೆ ಅತಿ ಸಮೀಪವಾದ ಅವರ ಗೀತ 'ಸಮಾಧಿ' ಚಿತ್ರದಲ್ಲಿದೆ. ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಸೇನೆಯ ಕಾಲದ ಕಥೆಯದು. ರಂಗದ ಮೇಲೆ ಹಾಡಿ ಕುಣಿಯುವ ಇಬ್ಬರು ಸೋದರಿಯರು ಅದರಲ್ಲಿ ಬರುತ್ತಾರೆ. ಇಬ್ಬರೂ ಶತ್ರುಪಕ್ಷದ ಗೂಢಚಾರಿಣಿಯರು. ಸಿ. ರಾಮಚಂದ್ರರು ದಕ್ಷಿಣ ಅಮೆರಿಕದ ಕುಣಿತದ ಲಯವನ್ನು ಅನುಸರಿಸಿ ಮಟ್ಟು ಹಾಕಿದರು. ಒಬ್ಬಳಿಗೆ ಲತಾ ಮಂಗೇಶಕರರೂ ಇನ್ನೊಬ್ಬಳಿಗೆ ಅಮೀರಬಾಯಿಯವರೂ ಕಂಠವಿತ್ತರು. ಈ ಪದವನ್ನು ಕೇಳಿ 'ಛೀ, ಲಘು' ಎಂದು ತಳ್ಳಿಹಾಕುವವರು ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ನೆನೆಯುವುದು ಒಳ್ಳೆಯದು. ಔಚಿತ್ಯವೇ ರಸದ ಜೀವಿತವೆಂದು ಆತನ ಸಿದ್ಧಾಂತ. ಕಟಿಸೂತ್ರ ಸೊಂಟಕ್ಕೆ ಭೂಷಣ, ಕೊರಳಿಗೆ ಹಾಸ್ಯಾಸ್ಪದ. ಹಾಗೆಯೇ ಕೊರಳಿನ ಹಾರವನ್ನು ಸೊಂಟಕ್ಕೆ ಕಟ್ಟಿದರೂ ನಗೆಗೀಡು. ಸೈನಿಕರ ಮುಂದೆ ಕುಣಿಯುವ ಗೂಢಚಾರಿಣಿ ಕೀರ್ತನೆಯನ್ನು ಹಾಡಬೇಕಾಗಿತ್ತೇ? ಲಘುವಾದ ಸಂದರ್ಭಕ್ಕೆ ಲಘುವಾದ ಗೀತವೇ ಗುರು. ವಿಮರ್ಶಕನು ಕೇಳಬೇಕಾದುದು, ಆ ಲಘುತ್ವವನ್ನು ಎಷ್ಟು ನಿಷ್ಠೆಯಿಂದ ನಿರ್ವಹಿಸಿದ್ದಾರೆ ಎಂಬುದನ್ನು. ಈ ದೃಷ್ಟಿಯಿಂದ ಅಮೀರಬಾಯಿಯವರ ಭಾಗ ಉತ್ತಮವಾದುದು; ಲಯದ ಮೇಲೆ ಚೆಂಡಿನಂತೆ ಪುಟಿಯುತ್ತ, ನಗೆಯನ್ನು ತುಟಿಯಂಚಿನಲ್ಲಿಯೇ ಹಿಡಿದು ಹಾಡಿದ್ದಾರೆ.

ಆದರೆ ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯಲ್ಲ, ಸ್ತುತಿಪಾಠ. ಅಮೀರಬಾಯಿಯವರ ಕಂಠದಲ್ಲಿ ಅನುನಾಸಿಕದ ಅಂಶ ಕೊಂಚ ಹೆಚ್ಚು. ತಾರಸ್ಥಾಯಿಯಲ್ಲಿ ನಾದ ಗಟ್ಟಿಯಾಗುವುದುಂಟು. ಒಂದೇ ಬಗೆಯ ವಿರಹಪದಗಳನ್ನು ಬಹಳವಾಗಿ ಹಾಡಿದುದರಿಂದ ಒಂದನ್ನು ಕೇಳಿದಾಗ ಇನ್ನೊಂದರ ನೆನಪು ಬರುವಷ್ಟು ಸಾಮ್ಯ ಬೆಳೆಯಿತು. 'ಸಮಾಧಿ'ಯ ಪದದಲ್ಲಿ ಎರಡು ದನಿಗಳನ್ನೂ ಒಟ್ಟಿಗೆ ಕೇಳಿದವರಿಗೆ ಕಾಲದ ಸಂಧಿಯೇ ಕಿವಿಗೆ ಬೀಳುತ್ತದೆ. ಒಂದು ದನಿ ರಂಗದ ಕೊನೆಯ ಸಾಲಿನವನಿಗೂ ಕೇಳಲೆಂದು ತುಂಬಿಕೊಂಡುದು. ಮತ್ತೊಂದು ಧ್ವನಿಗ್ರಾಹಕ ಯಂತ್ರದ ಹತ್ತಿರ ಪಿಸುಗುಟ್ಟಿದರೂ ಸಾಕೆಂದು ತೆಳುವಾದುದು. ೧೯೪೯ರಲ್ಲಿ 'ಮಹಲ್' ಮೊದಲಾದ ಚಿತ್ರಗಳು ಬಂದ ಬಳಿಕ ಜನರ ಕಿವಿ ತೆಳುವಾದ ದನಿಗೆ ಒಲಿಯಿತು. ಇದು ಒಬ್ಬರ ಸೋಲೂ ಅಲ್ಲ, ಇನ್ನೊಬ್ಬರ ಮೋಸವೂ ಅಲ್ಲ. ಯಂತ್ರ ಬದಲಾಯಿತು, ಅಭಿರುಚಿ ಬದಲಾಯಿತು. ಹಳೆಯ ಕಂಠಗಳು ಬೆಳಕಿನಿಂದ ಸರಿದು ನಿಂತವು. ಅಮೀರಬಾಯಿಯವರು ಅನಂತರ ಹೆಚ್ಚಾಗಿ ಪೋಷಕಪಾತ್ರಗಳಲ್ಲಿ ನಟಿಸಿದರು.

ಈ ಇಳಿಗಾಲದ ಹೊಸ್ತಿಲಲ್ಲಿ ಅವರು ಮಾಡಿದ ಒಂದು ಸಾಹಸವನ್ನು ವಿಶೇಷವಾಗಿ ಗಣಿಸಬೇಕು. ೧೯೪೮ರ 'ಶಹನಾಜ್' ಎಂಬ ಚಿತ್ರಕ್ಕೆ ಸಂಗೀತವನ್ನು ಸಂಯೋಜಿಸಿದವರು ಅವರೇ. ಹಾಡುವವಳು ಹಾಡಿಸುವವಳಾದಳು. ಪೆಟ್ಟಿಗೆಯ ಮಾಸ್ತರರ ಸ್ಥಾನದಲ್ಲಿ ಹೆಂಗಸು ಕುಳಿತಳು. ಪಾಶ್ಚಾತ್ಯ ಗಾಯಕಿ ಪಿಯಾನೋದ ಮುಂದೆ ಕುಳಿತು ಪಡೆದ ಸ್ವಾತಂತ್ರ್ಯವನ್ನು ಇವರು ಮಟ್ಟು ಹಾಕುವುದರ ಮೂಲಕ ಪಡೆದರು. ಮಾತು, ಧಾತು ಎರಡನ್ನೂ ಬಲ್ಲವನು ವಾಗ್ಗೇಯಕಾರನೆಂದು ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಲಕ್ಷಣ ಹೇಳಿದ್ದಾನೆ. ಧಾತುವನ್ನು ಮಾತ್ರ ರಚಿಸುವವರಿಗೂ ಅಲ್ಲಿ ಒಂದು ಸ್ಥಾನವುಂಟು. ಆ ಚಿತ್ರಕ್ಕೆ 'ಕಿಸ್ಮತ್'ನ ಕೀರ್ತಿ ಬರಲಿಲ್ಲವೆಂಬುದು ನಿಜ. ಆದರೂ ಆ ಕಾಲದ ಮುಂಬಯಿಯಲ್ಲಿ ಈ ಕೆಲಸಕ್ಕೆ ಕೈಹಾಕಿದ ಹೆಂಗಸರು ಬೆರಳೆಣಿಕೆಯಷ್ಟು ಎಂಬುದನ್ನು ನೆನೆದರೆ ಆ ಪ್ರಯತ್ನದ ಬೆಲೆ ತಿಳಿಯುತ್ತದೆ.

ಪೆಟ್ಟಿಗೆಯ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತು. ೧೯೪೦ರಲ್ಲಿ ಆಕಾಶವಾಣಿಯವರು ಹಾರ್ಮೋನಿಯಂ ವಾದ್ಯವನ್ನು ಬಹಿಷ್ಕರಿಸಿದರು. ಅದರ ಸ್ವರಗಳು ಸ್ಥಿರ, ಗಮಕಕ್ಕೆ ಬಾಗವು, ಶ್ರುತಿಗಳ ಸೂಕ್ಷ್ಮತೆ ಅದಕ್ಕಿಲ್ಲ ಎಂಬುದು ಕಾರಣ. ಶಾಸ್ತ್ರದೃಷ್ಟಿಯಿಂದ ಆಕ್ಷೇಪ ಸರಿಯಾದುದೇ. ಮೂವತ್ತು ವರ್ಷಗಳ ತರುವಾಯ, ೧೯೭೧ರಲ್ಲಿ ಆ ಬಹಿಷ್ಕಾರ ಸಡಿಲವಾಯಿತು. ಆದರೆ ಬಹಿಷ್ಕರಿಸಿದ ಪಂಡಿತರು ಒಂದು ಸಂಗತಿಯನ್ನು ಗಮನಿಸಲಿಲ್ಲ. ವೀಣೆಯನ್ನು ಮನೆಯಲ್ಲಿಟ್ಟುಕೊಳ್ಳಲು ಮನೆ ಬೇಕು. ಊರಿಂದೂರಿಗೆ ಬಂಡಿಯಲ್ಲಿ ಅಲೆಯುವ ನಟಿಗೆ ಮಳೆಗಾಳಿಗಳಿಗೆ ಶ್ರುತಿಗೆಡದ ಪೆಟ್ಟಿಗೆಯೇ ಗತಿ. ವಾದ್ಯದ ಕುಲವನ್ನು ವಿಚಾರಿಸಿದಂತೆ ಗಾಯಕಿಯ ಕುಲವನ್ನೂ ವಿಚಾರಿಸಿದರು. ಇಬ್ಬರನ್ನೂ ಹೊರಗೆ ನಿಲ್ಲಿಸಿ, ಕಿಟಕಿಯ ಒಳಗಿನಿಂದ ಕೇಳಿದರು.

ಗೋಹರಬಾಯಿಯವರ ಬಾಳು ಈ ಮಾತಿಗೆ ಸಾಕ್ಷಿ. ಮರಾಠಿ ರಂಗಭೂಮಿಯ ಮಹಾನಟರಾದ ಬಾಲಗಂಧರ್ವರ ಮಂಡಳಿಯನ್ನು ಸೇರಿ, ಅವರ ಇಳಿವಯಸ್ಸಿನಲ್ಲಿ ರಂಗದ ಮೇಲೂ ಮನೆಯಲ್ಲಿಯೂ ಜೊತೆಯಾಗಿ ನಿಂತವರು ಈ ಕನ್ನಡ ಹೆಣ್ಣುಮಗಳು. ಬಾಲಗಂಧರ್ವರು ಸ್ತ್ರೀವೇಷದಲ್ಲಿ ಹಾಡಿದರೆ ಮಹಾರಾಷ್ಟ್ರವೆಲ್ಲ ತಲೆದೂಗಿತು; ನಿಜವಾದ ಸ್ತ್ರೀ ಬಂದು ಪಕ್ಕದಲ್ಲಿ ನಿಂತು ಹಾಡಿದಾಗ ಅದೇ ಜನ ಹುಬ್ಬು ಗಂಟಿಕ್ಕಿತು. ಅಮೀರಬಾಯಿಯವರ ದಾಂಪತ್ಯವೂ ಸುಖಕರವಾಗಿರಲಿಲ್ಲ. ಮೊದಲ ವಿವಾಹ ಮುರಿದು, ಎರಡನೆಯ ಬಾರಿ ಗೃಹಸ್ಥಜೀವನವನ್ನು ಕಟ್ಟಿಕೊಳ್ಳಬೇಕಾಯಿತು. ೧೯೬೫ನೆಯ ಮಾರ್ಚಿ ೩ರಂದು ಅವರು ಕಾಲವಾದರು. ವಿಜಯಪುರದಲ್ಲಿ ಅವರ ಹೆಸರಿನ ಅಮೀರ ಟಾಕೀಸು ಬಹುಕಾಲ ಆ ನೆನಪನ್ನು ಉಳಿಸಿತು. ಕನ್ನಡದಲ್ಲಿ ಅವರ ಜೀವನಚರಿತ್ರೆಯನ್ನು ಬರೆದವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು. ಮುಂಬಯಿ ಮರೆತ ಗಾಯಕಿಯನ್ನು ತುಂಗಭದ್ರೆಯ ತೀರದಲ್ಲಿ ಕುಳಿತು ಮತ್ತೆ ನೆನೆದುದು ಈ ಜಿಲ್ಲೆಗೆ ಹೆಮ್ಮೆಯ ಸಂಗತಿ.

ಆದರೆ ಹೆಮ್ಮೆಪಟ್ಟು ಸುಮ್ಮನಾಗುವುದು ಸಲ್ಲದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಸೀಮೆಗಳೂ ಹಿಂದೆ ಬಳ್ಳಾರಿ ಜಿಲ್ಲೆಯಾಗಿ ೧೯೫೩ರವರೆಗೆ ಮದರಾಸು ಆಧಿಪತ್ಯದಲ್ಲಿದ್ದವು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾಗಿ ಒಂದಾದವು. ಸ್ತ್ರೀಪಾತ್ರವನ್ನು ಸ್ತ್ರೀಯರೇ ಅಭಿನಯಿಸಬೇಕೆಂದು ವಾದಿಸಿದ ಬಳ್ಳಾರಿ ರಾಘವರು ಈ ಸೀಮೆಯ ನೆರೆಯಲ್ಲಿಯೇ ಬಾಳಿದವರು, ೧೯೪೬ರಲ್ಲಿ ತೀರಿಕೊಂಡರು. ಹಾಡುವ ಹೆಣ್ಣನ್ನು ದೇವರ ಹೆಸರಿನಲ್ಲಿ ಮುತ್ತುಕಟ್ಟಿ ಬಿಡುವ ಅನಾಚಾರವೂ ಇದೇ ಸೀಮೆಯಲ್ಲಿ ಬೇರೂರಿತ್ತು. ೧೯೪೭ರಲ್ಲಿ ಮದರಾಸು ಸರಕಾರವೂ, ೧೯೮೨ರಲ್ಲಿ ಕರ್ಣಾಟಕ ಸರಕಾರವೂ ಕಾಯಿದೆ ಮಾಡಿ ಅದನ್ನು ನಿಷೇಧಿಸಿದವು. ಕಾಯಿದೆ ಪದ್ಧತಿಯನ್ನು ತಡೆಯಬಲ್ಲುದು, ನಾಲಗೆಯನ್ನು ತಡೆಯಲಾರದು. 'ಹಾಡುವವಳು' ಎಂಬ ಮಾತನ್ನು ಬೈಗುಳದಂತೆ ಆಡುವ ನಾಲಗೆಗಳು ಇನ್ನೂ ಉಂಟು.

ಬಳ್ಳಾರಿಯ ಸುಭದ್ರಮ್ಮ 'ಮನ್ಸೂರು' ಅವರು ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯ ದ್ರೌಪದಿಯಾಗಿ ಹಾಡಿ ನುಡಿದು ಬಯಲುಸೀಮೆಯ ಜನರನ್ನು ಸೆರೆಹಿಡಿದವರು. ೨೦೨೦ರಲ್ಲಿ ಅವರು ಅಗಲಿದರು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಚೌಡಿಕೆಯ ಪದ ಕುಣಿತಗಳನ್ನು ಊರೂರಿಗೆ ಒಯ್ದು, ಜಾನಪದ ಅಕಾಡೆಮಿಯ ಅಧ್ಯಕ್ಷಪದವಿಯನ್ನು ಅಲಂಕರಿಸಿ, ೨೦೨೧ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀಯನ್ನು ಸ್ವೀಕರಿಸಿದರು. ಪ್ರಶಸ್ತಿಯನ್ನು ಪಡೆಯುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ಊರಿನವರು ಹೊರಗಿಟ್ಟ ಕಲೆಯೊಂದು ದೇಶದ ಮೊದಲ ಪ್ರಜೆಗೆ ತಾಯಿಯಂತೆ ಹರಸಿತು. ಅಮೀರಬಾಯಿಯವರಿಗೆ ದೊರೆಯದ ಮನ್ನಣೆ ಮುಂದಿನವರಿಗೆ ಒಂದಿಷ್ಟಾದರೂ ದೊರೆಯಿತೆಂಬುದು ಸಮಾಧಾನ.

ಶೂದ್ರಕನ ಮೃಚ್ಛಕಟಿಕದಲ್ಲಿ ಎರಡು ಸಂದರ್ಭಗಳುಂಟು. ರೇಭಿಲನ ಗಾನಗೋಷ್ಠಿಯಿಂದ ನಡುರಾತ್ರಿ ಮನೆಗೆ ಹಿಂದಿರುಗುವ ಚಾರುದತ್ತನಿಗೆ, ಹಾಡು ನಿಂತಿದ್ದರೂ ಅದು ಕಿವಿಯಲ್ಲಿ ಮುಂದುವರಿಯುತ್ತಿರುವಂತೆ ತೋರುತ್ತದೆ. ಗಾನದ ಪರೀಕ್ಷೆ ಇದೇ. ಅಮೀರಬಾಯಿಯವರ ಗಾನ ಎಂಬತ್ತು ವರ್ಷಗಳಾದ ಮೇಲೂ ಆ ಪರೀಕ್ಷೆಯಲ್ಲಿ ಉತ್ತೀರ್ಣವಾಗಿದೆ. ಎರಡನೆಯದು ನಾಟಕದ ಅಂತ್ಯದಲ್ಲಿ ಬರುತ್ತದೆ. ಗಣಿಕೆಯಾದ ವಸಂತಸೇನೆಗೆ ಹೊಸ ಅರಸನು 'ವಧೂ' ಎಂಬ ಶಬ್ದವನ್ನು ಅನುಗ್ರಹಿಸುತ್ತಾನೆ. ಹೊನ್ನಲ್ಲ, ಊರಲ್ಲ, ಕೇವಲ ಒಂದು ಶಬ್ದ. ಆದರೆ ಆ ಒಂದು ಶಬ್ದದಿಂದಲೇ ಅವಳ ಬಾಳಿನ ಅರ್ಥ ಬದಲಾಗುತ್ತದೆ.

ಕನ್ನಡ ವಿಮರ್ಶಕರ ಕೈಯಲ್ಲಿಯೂ ಅಂತಹ ಒಂದು ಅನುಗ್ರಹವುಂಟು. ಅದು ವ್ಯಾಕರಣದಲ್ಲಿದೆ. ಹಳೆಯ ಲೇಖನಗಳನ್ನೂ ರಂಗಭೂಮಿಯ ಚರಿತ್ರೆಗಳನ್ನೂ ಓದಿದರೆ, ಗವಾಯಿಗಳು 'ಹಾಡಿದರು', ಪೆಟ್ಟಿಗೆಯ ಮಾಸ್ತರರು 'ನುಡಿಸಿದರು', ಕಂಪೆನಿಯ ಒಡೆಯರು 'ನಡೆಸಿದರು'. ನಟಿಯೊಬ್ಬಳು ಮಾತ್ರ 'ಹಾಡಿದಳು'. ಅದೇ ವಾಕ್ಯದಲ್ಲಿ, ಅದೇ ರಂಗದ ಮೇಲೆ, ಅದೇ ರಾತ್ರಿ. ಬಹುವಚನಕ್ಕೆ ಖರ್ಚೇನೂ ಇಲ್ಲ, ಕಾಯಿದೆಯೂ ಬೇಕಿಲ್ಲ. ಗಾಯಕಿಯನ್ನು ಕುರಿತು ಮುಂದೆ ಬರೆಯುವವರು ಆಕೆಯ ಗಾನದ ಗುಣಗಳನ್ನು ಹೊಗಳಲಿ, ದೋಷಗಳನ್ನು ನಿರ್ದಾಕ್ಷಿಣ್ಯವಾಗಿ ಎತ್ತಿ ತೋರಿಸಲಿ. ಅದು ವಿಮರ್ಶೆಯ ಧರ್ಮ. ಆದರೆ ಮೊದಲ ವಾಕ್ಯದಲ್ಲಿಯೇ ಆ ಕ್ರಿಯಾಪದವನ್ನು ತಿದ್ದಿಕೊಳ್ಳಲಿ. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಹಾಡಿದರು.